ಮತ ಕೊಡುವವರೂ ಮತ ಎಣಿಸುವವರೂ

ಪ್ರಜೆಗಳ ಕೈಯಲ್ಲಿ ಮತಪತ್ರವಿದ್ದ ಮಾತ್ರಕ್ಕೆ ಆ ದೇಶದಲ್ಲಿ ಪ್ರಜಾಪ್ರಭುತ್ವವು ನೆಲೆಗೊಂಡಿತೆಂದು ತಿಳಿಯುವುದು ದೊಡ್ಡ ಭ್ರಾಂತಿ. ಮತವನ್ನು ಕೊಡುವುದು ಅರ್ಧ ಕಾರ್ಯ. ಕೊಟ್ಟ ಮತವನ್ನು ಕೊಟ್ಟಂತೆಯೇ ಎಣಿಸಿ, ಎಣಿಸಿದಂತೆಯೇ ಸಾರುವುದು ಉಳಿದ ಅರ್ಧ. ಎರಡನೆಯದು ಕೆಟ್ಟರೆ ಮೊದಲನೆಯದು ಸರಕಾರದ ಖರ್ಚಿನಲ್ಲಿ ನಡೆಯುವ ಒಂದು ಉತ್ಸವವಾಗಿ ಉಳಿಯುತ್ತದೆ. ೧೯೯೧ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವು ಒಡೆದು, ಅದರ ಹದಿನೈದು ಗಣರಾಜ್ಯಗಳೂ ಸ್ವತಂತ್ರ ರಾಷ್ಟ್ರಗಳಾಗಿ ನಿಂತ ಮೇಲೆ ಅಲ್ಲಿ ನಡೆದಿರುವ ಚುನಾವಣೆಗಳ ಚರಿತ್ರೆಯು ಈ ಮಾತಿಗೆ ಬರೆದ ಭಾಷ್ಯದಂತಿದೆ. ಆ ಚರಿತ್ರೆಯನ್ನು ನಮ್ಮ ವಾಚಕರು, ವಿಶೇಷವಾಗಿ ಸರಕಾರದ ಕಾಗದಪತ್ರಗಳಿಗೆ ಸಹಿ ಮಾಡುವ ಹೊಣೆಯನ್ನು ಹೊತ್ತವರು, ಸ್ವಲ್ಪ ಸಮಾಧಾನದಿಂದ ಪರ್ಯಾಲೋಚಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಸೋವಿಯತ್ ಆಡಳಿತದಲ್ಲಿ ಚುನಾವಣೆಗಳಿಗೇನೂ ಕೊರತೆಯಿರಲಿಲ್ಲ. ಆದರೆ ಒಂದು ಸ್ಥಾನಕ್ಕೆ ಒಬ್ಬನೇ ಉಮೇದುವಾರನಿರುತ್ತಿದ್ದನು. ಮತ ಕೊಟ್ಟವರು ಶೇಕಡಾ ೯೯ರಷ್ಟು ಎಂದೂ, ಅವರಲ್ಲಿ ಶೇಕಡಾ ೯೯ ಮಂದಿ ಅವನನ್ನೇ ಒಪ್ಪಿದರೆಂದೂ ಸಾರಲಾಗುತ್ತಿತ್ತು. ಒಕ್ಕೂಟವು ಹೋಯಿತು; ಈ ಅಭ್ಯಾಸವು ಎಲ್ಲೆಡೆಯಲ್ಲಿಯೂ ಹೋಗಲಿಲ್ಲ. ಎಸ್ತೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಬಾಲ್ಟಿಕ್ ತೀರದ ಮೂರು ಸಣ್ಣ ರಾಷ್ಟ್ರಗಳು ಇದನ್ನು ಬೇಗನೆ ಕಳಚಿಕೊಂಡವು. ಉಳಿದ ಅನೇಕ ರಾಷ್ಟ್ರಗಳಲ್ಲಿ ಉಮೇದುವಾರರ ಸಂಖ್ಯೆ ಹೆಚ್ಚಿತೇ ಹೊರತು ಫಲಿತಾಂಶವನ್ನು ಮುಂಚಿತವಾಗಿ ನಿಶ್ಚಯಿಸುವ ಪದ್ಧತಿಯು ಹಾಗೆಯೇ ಉಳಿಯಿತು. ಅಜರ್‌ಬೈಜಾನಿನಲ್ಲಿ ೨೦೧೩ರ ಅಕ್ಟೋಬರ್ ೯ರಂದು ಅಧ್ಯಕ್ಷ ಪದವಿಯ ಚುನಾವಣೆಯೆಂದು ಗೊತ್ತಾಗಿದ್ದಿತು. ಅದರ ಹಿಂದಿನ ದಿನವೇ, ಮೊಬೈಲ್ ಫೋನಿನಲ್ಲಿ ಫಲಿತಾಂಶವನ್ನು ತಿಳಿಸುವುದಕ್ಕಾಗಿ ಚುನಾವಣಾ ಆಯೋಗದ ಹೆಸರಿನಲ್ಲಿ ಸಿದ್ಧವಾಗಿದ್ದ ಆ್ಯಪ್, ಅಧ್ಯಕ್ಷ ಇಲ್ಹಾಮ್ ಅಲಿಯೇವರಿಗೆ ಶೇಕಡಾ ೭೨.೭೬ರಷ್ಟು ಮತಗಳು ಬಂದಿವೆಯೆಂದು ಪ್ರಕಟಿಸಿಬಿಟ್ಟಿತು! ಅದು ಪರೀಕ್ಷೆಗಾಗಿ ಹಾಕಿದ್ದ ಹಿಂದಿನ ಚುನಾವಣೆಯ ಅಂಕಿಯೆಂದು ಸಮಾಧಾನ ಹೇಳಲಾಯಿತು. ಆದರೆ ಅಲ್ಲಿದ್ದ ಹೆಸರುಗಳು ೨೦೧೩ರ ಉಮೇದುವಾರರವೇ ಆಗಿದ್ದವು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನೋಡಿ ನಮ್ಮ ಹಿರಿಯರು ನಗುತ್ತಿದ್ದರು. ಇಲ್ಲಿ ಕುಲಾವಿಗೆ ತಕ್ಕಂತೆ ಕೂಸಿನ ತಲೆಯನ್ನು ಅಳೆಯುವ ಏರ್ಪಾಟು ನಡೆದಿದ್ದಿತು.

ಇಂಥ ಚುನಾವಣೆಗಳಲ್ಲಿ ಮೋಸವು ಹೇಗೆ ನಡೆಯುತ್ತದೆಂಬುದನ್ನು ಅರಿಯಬೇಕು. ಪೆಟ್ಟಿಗೆಗೆ ಕಳ್ಳ ಚೀಟಿಗಳನ್ನು ತುಂಬುವುದು ಅದರ ಅತ್ಯಂತ ಒರಟಾದ ರೂಪ. ಅದಕ್ಕಿಂತ ನಯವಾದ ಉಪಾಯಗಳಿವೆ. ಮೊದಲನೆಯದು, ಗೆಲ್ಲಬಹುದಾದವನನ್ನು ಕಣಕ್ಕೇ ಬಾರದಂತೆ ಮಾಡುವುದು. ಅವನ ಅರ್ಜಿಯಲ್ಲಿ ದೋಷ ಹುಡುಕಬಹುದು, ಇಲ್ಲವೆ ಅವನ ಮೇಲೆ ಮೊಕದ್ದಮೆ ಹೂಡಿ ಸೆರೆಮನೆಗೆ ಕಳುಹಿಸಬಹುದು. ಎರಡನೆಯದು, ಸರಕಾರದ ಸಂಬಳವನ್ನೇ ನಂಬಿದ ನೌಕರರನ್ನೂ ಕಾರ್ಖಾನೆಯ ಕೆಲಸಗಾರರನ್ನೂ ವಿದ್ಯಾರ್ಥಿಗಳನ್ನೂ ಮೇಲಧಿಕಾರಿಯ ಕಣ್ಣೆದುರಿಗೆ ಮತ ಕೊಡುವಂತೆ ಬಲಾತ್ಕರಿಸುವುದು. ಮೂರನೆಯದು, ನಿಗದಿಯಾದ ದಿನಕ್ಕೆ ಎಷ್ಟೋ ದಿನ ಮುಂಚೆಯೇ ಮತದಾನವನ್ನು ಆರಂಭಿಸಿ, ಪೆಟ್ಟಿಗೆಗಳನ್ನು ರಾತ್ರಿಯೆಲ್ಲ ಸಾಕ್ಷಿಗಳಿಲ್ಲದೆ ಇರಿಸುವುದು. ಕಡೆಯದು ಮತಗಟ್ಟೆಯ ಲೆಕ್ಕದ ಹಾಳೆಯನ್ನೇ ತಿದ್ದುವುದು. ಈ ಕಡೆಯ ಉಪಾಯಕ್ಕೆ ಗೂಂಡಾಗಳು ಬೇಕಿಲ್ಲ. ಒಂದು ಲೇಖನಿಯೂ, ಹೇಳಿದಲ್ಲಿ ರುಜು ಹಾಕುವ ಕೆಲವು ಸಭ್ಯ ಗೃಹಸ್ಥರೂ ಇದ್ದರೆ ಸಾಕು.

ಈ ಉಪಾಯವು ಮುರಿದುಬಿದ್ದ ಮಹತ್ವದ ಪ್ರಸಂಗವೆಂದರೆ ೨೦೦೪ರಲ್ಲಿ ಯುಕ್ರೇನಿನಲ್ಲಿ ನಡೆದದ್ದು. ಅಂದಿನ ಪ್ರಧಾನಿ ವಿಕ್ಟರ್ ಯಾನುಕೋವಿಚ್ ಅಧಿಕಾರಪಕ್ಷದ ಉಮೇದುವಾರರು. ಪ್ರತಿಪಕ್ಷದವರು ವಿಕ್ಟರ್ ಯುಶ್ಚೆಂಕೋ. ಯುಶ್ಚೆಂಕೋರವರಿಗೆ ಸೆಪ್ಟೆಂಬರಿನಲ್ಲಿ ಡೈಆಕ್ಸಿನ್ ಎಂಬ ವಿಷಪ್ರಯೋಗವಾಗಿ ಅವರ ಮುಖವೇ ವಿಕಾರವಾಗಿದ್ದಿತು. ನವೆಂಬರ್ ೨೧ರಂದು ಎರಡನೆಯ ಸುತ್ತಿನ ಮತದಾನ ನಡೆಯಿತು. ಯಾನುಕೋವಿಚ್‌ರವರಿಗೆ ಶೇಕಡಾ ೪೯.೪೬, ಯುಶ್ಚೆಂಕೋರವರಿಗೆ ಶೇಕಡಾ ೪೬.೬೧ ಎಂದು ಆಯೋಗವು ಸಾರಿತು. ಅಂತರವು ಸುಮಾರು ೮ ಲಕ್ಷ ೭೦ ಸಾವಿರ ಮತಗಳು. ಆದರೆ ಯಾನುಕೋವಿಚ್‌ರವರ ತವರಾದ ದೊನೆಟ್ಸ್ಕ್ ಪ್ರಾಂತ್ಯದಲ್ಲಿ ಶೇಕಡಾ ೯೬ಕ್ಕೂ ಮೀರಿ ಜನರು ಮತ ಕೊಟ್ಟರೆಂಬ ಲೆಕ್ಕವನ್ನು ನಂಬುವುದು ಹೇಗೆ? ಮೂರು ವಾರಗಳ ಹಿಂದೆ ಮೊದಲನೆಯ ಸುತ್ತಿಗೆ ಬಾರದಿದ್ದ ಲಕ್ಷಾಂತರ ಮತದಾರರು ಆಕಾಶದಿಂದ ಇಳಿದು ಬಂದರೆ?

ಮರುದಿನದಿಂದಲೇ ಕೀವ್ ನಗರದ ಸ್ವಾತಂತ್ರ್ಯ ಚೌಕದಲ್ಲಿ ಜನಸ್ತೋಮವು ನೆರೆಯಲಾರಂಭಿಸಿತು. ಆ ಚೌಕಕ್ಕೆ ಅವರು 'ಮೈದಾನ' ಎಂದೇ ಹೇಳುತ್ತಾರೆ. ಪಾರಸಿಯಿಂದ ನಮಗೂ ಬಂದಿರುವ ಶಬ್ದವೇ ಅದು. ಕೊರೆಯುವ ಛಳಿಯಲ್ಲಿ, ಹಿಮದ ನಡುವೆ, ಕಿತ್ತಳೆ ಬಣ್ಣದ ಪಟ್ಟಿಗಳನ್ನು ಧರಿಸಿ, ಡೇರೆಗಳನ್ನು ಹೊಡೆದು ಲಕ್ಷಾಂತರ ಜನರು ವಾರಗಟ್ಟಲೆ ನಿಂತರು. ಪೋಲೀಸರು ಅವರ ಮೇಲೆ ಗುಂಡು ಹಾರಿಸಲಿಲ್ಲ. ಅವರೂ ಒಂದು ಕಲ್ಲನ್ನು ಬೀಸಲಿಲ್ಲ. ಈ ದೃಶ್ಯವನ್ನು ಜಗತ್ತೆಲ್ಲ ನೋಡಿ ಮೆಚ್ಚಿತು. ಆದರೆ ಆ ಗೆಲುವನ್ನು ಜನಸ್ತೋಮವೊಂದೇ ತಂದಿತೆಂದು ಹೇಳುವವರು ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾರೆ.

ಚೌಕದ ಹೊರಗೆ, ಕಚೇರಿಗಳ ಒಳಗೆ, ಅದೇ ದಿನಗಳಲ್ಲಿ ನಡೆದ ಸಂಗತಿಗಳನ್ನು ಗಮನಿಸಿರಿ. ಕೇಂದ್ರ ಚುನಾವಣಾ ಆಯೋಗದ ಕೆಲವು ಸದಸ್ಯರು ಫಲಿತಾಂಶದ ಪತ್ರಕ್ಕೆ ಸಹಿ ಮಾಡಲು ಒಪ್ಪಲಿಲ್ಲ. ನವೆಂಬರ್ ೨೫ರಂದು ಸರಕಾರೀ ಟೆಲಿವಿಷನ್ನಿನ ವಾರ್ತಾಪ್ರಸಾರದಲ್ಲಿ ಕಿವುಡರಿಗಾಗಿ ಕೈಸನ್ನೆಯಿಂದ ವಾರ್ತೆಯನ್ನು ತಿಳಿಸುತ್ತಿದ್ದ ನತಾಲಿಯಾ ದ್ಮಿತ್ರುಕ್ ಎಂಬ ಮಹಿಳೆಯು, ವಾಚಕರು ಓದುತ್ತಿದ್ದುದನ್ನು ಬಿಟ್ಟು, ಆಯೋಗವು ಹೇಳುತ್ತಿರುವ ಅಂಕಿಗಳು ಸುಳ್ಳೆಂದೂ, ಇಂಥ ಸುಳ್ಳನ್ನು ತಿಳಿಸಲು ತನಗೆ ನಾಚಿಕೆಯಾಗುತ್ತದೆಂದೂ ಸನ್ನೆ ಮಾಡಿ ಹೇಳಿದಳು. ಅವಳ ತಂದೆತಾಯಿಗಳೂ ಕಿವುಡರು. ಮಾತಿಲ್ಲದ ಆ ಮಾತು ದೇಶದ ಎಲ್ಲ ಮೂಲೆಗಳನ್ನೂ ಮುಟ್ಟಿತು; ಅವಳ ಸಹೋದ್ಯೋಗಿಗಳೂ ಸುಳ್ಳು ವಾರ್ತೆಯನ್ನು ಓದಲಾರೆವೆಂದರು. ಕಡೆಗೆ ಡಿಸೆಂಬರ್ ೩ರಂದು ಸರ್ವೋಚ್ಚ ನ್ಯಾಯಾಲಯವು ಆ ಸುತ್ತಿನ ಫಲಿತಾಂಶವನ್ನು ರದ್ದುಪಡಿಸಿ ಮರುಮತದಾನಕ್ಕೆ ಅಪ್ಪಣೆ ಕೊಟ್ಟಿತು. ಡಿಸೆಂಬರ್ ೨೬ರಂದು, ಸಾವಿರಾರು ವೀಕ್ಷಕರ ಸಮಕ್ಷದಲ್ಲಿ, ಯುಶ್ಚೆಂಕೋರವರು ಶೇಕಡಾ ೫೨ರಷ್ಟು ಮತಗಳಿಂದ ಗೆದ್ದರು. ಚೌಕದಲ್ಲಿದ್ದ ಜನರು ನ್ಯಾಯಾಧೀಶರಿಗೆ ಧೈರ್ಯವನ್ನು ಕೊಟ್ಟರು. ನ್ಯಾಯಾಧೀಶರು ಆ ಜನರ ಕೂಗನ್ನು ಕಾನೂನಿನ ಭಾಷೆಗೆ ತಂದರು. ಇವೆರಡರಲ್ಲಿ ಒಂದಿಲ್ಲದಿದ್ದರೂ ಕಾರ್ಯವು ಕೆಡುತ್ತಿದ್ದಿತು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕಾಗಿದೆ. ಇವೆಲ್ಲವೂ ಪರರಾಷ್ಟ್ರಗಳ ಹಣದಿಂದ ನಡೆದ ನಾಟಕವೆಂದು ಹೇಳುವವರು ಬಹಳ ಮಂದಿಯಿದ್ದಾರೆ. ಪರಕೀಯರ ಕೈವಾಡವನ್ನು ಕಂಡು ಅನುಭವಿಸಿದ ನಮ್ಮ ದೇಶದವರು ಈ ಸಂಶಯವನ್ನು ತಿರಸ್ಕರಿಸತಕ್ಕದ್ದಲ್ಲ. ಪಾಶ್ಚಾತ್ಯ ರಾಷ್ಟ್ರಗಳು ಅಲ್ಲಿಯ ನಾಗರಿಕ ಸಂಘಗಳಿಗೆ ಧನಸಹಾಯ ಮಾಡಿದ್ದು ನಿಜ. ರಷ್ಯಾದ ಅಧ್ಯಕ್ಷ ಪುಟಿನ್‌ರವರು ಚುನಾವಣೆಯ ಮುಂಚೆ ಕೀವ್ ನಗರಕ್ಕೆ ತಾವೇ ದಯಮಾಡಿಸಿದ್ದೂ, ಫಲಿತಾಂಶವು ಅಧಿಕೃತವಾಗಿ ಪ್ರಕಟವಾಗುವುದಕ್ಕೆ ಮೊದಲೇ ಯಾನುಕೋವಿಚ್‌ರವರನ್ನು ಅಭಿನಂದಿಸಿದ್ದೂ ಅಷ್ಟೇ ನಿಜ. ದೊಡ್ಡ ರಾಷ್ಟ್ರಗಳು ತಮ್ಮ ಸ್ವಾರ್ಥಕ್ಕಾಗಿ ನೆರೆಯವರ ಮನೆಯಲ್ಲಿ ಕೈಯಾಡಿಸುವುದು ಹೊಸದಲ್ಲ. ಆದರೆ ಪರರಾಷ್ಟ್ರದ ಹಣವು ಡೇರೆಗಳನ್ನು ಕೊಳ್ಳಬಹುದು. ಛಳಿಯಲ್ಲಿ ಲಕ್ಷ ಜನರನ್ನು ವಾರಗಟ್ಟಲೆ ನಿಲ್ಲಿಸುವ ರೋಷವನ್ನು ಕೊಳ್ಳಲಾರದು. ಆ ರೋಷವನ್ನು ಹುಟ್ಟಿಸಿದವರು ಲೆಕ್ಕದ ಹಾಳೆಯನ್ನು ತಿದ್ದಿದವರು. ಪರಕೀಯರಿಗೆ ಅವಕಾಶ ಕೊಡಬಾರದೆಂಬ ಸರಕಾರಕ್ಕೆ ಇರುವ ಸುಲಭೋಪಾಯವೆಂದರೆ ಲೆಕ್ಕವನ್ನು ಎಲ್ಲರ ಮುಂದೆ ಬಿಚ್ಚಿಡುವುದು.

ಯುಕ್ರೇನಿನಲ್ಲಿ ಫಲಿಸಿದ್ದು ಬೆಲಾರುಸಿನಲ್ಲಿ ಫಲಿಸಲಿಲ್ಲ. ಅಲ್ಲಿ ಅಲೆಕ್ಸಾಂಡರ್ ಲುಕಾಶೆಂಕೋರವರು ೧೯೯೪ರಿಂದಲೂ ಅಧ್ಯಕ್ಷರು. ಆ ವರುಷದ ಚುನಾವಣೆಯಲ್ಲಿ ಅವರು ಅಂದಿನ ಪ್ರಧಾನಿಯನ್ನು ಶೇಕಡಾ ೮೦ರಷ್ಟು ಮತಗಳಿಂದ ಸೋಲಿಸಿದರೆಂಬುದನ್ನೂ, ಅದು ಜನರು ಮನಃಪೂರ್ವಕವಾಗಿ ಕೊಟ್ಟ ಮತವೆಂಬುದನ್ನೂ ಅವರ ವಿರೋಧಿಗಳೂ ಒಪ್ಪುತ್ತಾರೆ. ಇಪ್ಪತ್ತಾರು ವರುಷಗಳ ಮೇಲೆ, ೨೦೨೦ರ ಆಗಸ್ಟ್ ೯ರಂದು, ಮತ್ತೆ ಶೇಕಡಾ ೮೦.೧ ಎಂದು ಸಾರಲಾಯಿತು. ಜನರ ಮನಸ್ಸು ಕಾಲು ಶತಮಾನದಲ್ಲಿ ಕದಲಲೇ ಇಲ್ಲವೆಂದು ಈ ಅಂಕಿಯು ಹೇಳಬಯಸುತ್ತದೆ. ಆದರೆ ಆ ಚುನಾವಣೆಗೆ ಮುಂಚೆ ನಡೆದುದೇನು? ಬ್ಯಾಂಕಿನ ಮುಖ್ಯಸ್ಥರಾಗಿದ್ದ ವಿಕ್ಟರ್ ಬಬರಿಕೋ ಸೆರೆಯಾದರು. ವಲೇರಿ ತ್ಸೆಪ್ಕಾಲೋರವರ ಉಮೇದುವಾರಿಕೆಯು ತಿರಸ್ಕೃತವಾಗಿ ಅವರು ದೇಶವನ್ನು ಬಿಡಬೇಕಾಯಿತು. ಸೆರ್ಗೇಯಿ ತಿಖನೋವ್ಸ್ಕಿಯವರನ್ನು ಬಂಧಿಸಿದ್ದರಿಂದ ಅವರ ಪತ್ನಿ ಸ್ವೆತ್ಲಾನಾ ಗಂಡನ ಸ್ಥಾನದಲ್ಲಿ ತಾವೇ ನಿಂತರು. ಹೆಂಗಸೊಬ್ಬಳು ಏನು ಮಾಡಿಯಾಳು ಎಂಬ ತಾತ್ಸಾರದಿಂದ ಅವರನ್ನು ಕಣದಲ್ಲಿ ಉಳಿಯಗೊಟ್ಟರೆಂದು ತೋರುತ್ತದೆ. ಅವರ ಸಭೆಗಳಿಗೆ ಜನರು ಪ್ರವಾಹದಂತೆ ಬಂದರು.

ಐದು ದಿನಗಳ ಮುಂಗಡ ಮತದಾನದಲ್ಲಿಯೇ ಶೇಕಡಾ ೪೦ಕ್ಕೂ ಹೆಚ್ಚು ಮತಗಳು ಬಿದ್ದವೆಂದು ಸರಕಾರವು ಹೇಳಿತು. ಸ್ವತಂತ್ರ ವೀಕ್ಷಕರನ್ನು ಮತಗಟ್ಟೆಗಳ ಒಳಗೆ ಬಿಡಲಿಲ್ಲ. ಅವರು ಬಾಗಿಲಾಚೆ ಕುಳಿತು, ಒಳಗೆ ಹೋದವರ ತಲೆಗಳನ್ನು ಎಣಿಸಿದರು. ಮತದಾರರು ಕೈಗೆ ಬಿಳಿಯ ಪಟ್ಟಿಯನ್ನು ಕಟ್ಟಿಕೊಂಡು ಬಂದು, ತಮ್ಮ ಮತಪತ್ರದ ಛಾಯಾಚಿತ್ರವನ್ನು ತೆಗೆದು ಸ್ವಯಂಸೇವಕರಿಗೆ ಕಳುಹಿಸಿದರು. ಮತಗಟ್ಟೆಯ ಲೆಕ್ಕದ ಪ್ರತಿಯನ್ನು ಬಾಗಿಲಿಗೆ ಅಂಟಿಸಬೇಕೆಂಬುದು ಅಲ್ಲಿಯ ನಿಯಮ. ಕೆಲವು ಮತಗಟ್ಟೆಗಳಲ್ಲಿ ನಿಜವಾದ ಲೆಕ್ಕವನ್ನು ಅಂಟಿಸುವ ಧೈರ್ಯವುಳ್ಳ ಅಧಿಕಾರಿಗಳೂ ಇದ್ದರು; ಅಲ್ಲಿ ಸ್ವೆತ್ಲಾನಾರವರು ಮುಂದಿದ್ದರು. ಆದರೆ ದೇಶಕ್ಕೆಲ್ಲ ಸೇರಿ ಅವರಿಗೆ ಸಿಕ್ಕಿದ್ದು ಶೇಕಡಾ ೧೦.೧ ಎಂದು ಸಾರಲ್ಪಟ್ಟಿತು. ದೂರು ಕೊಡಲು ಮರುದಿನ ಆಯೋಗದ ಕಚೇರಿಗೆ ಹೋದ ಅವರನ್ನು ಗಂಟೆಗಟ್ಟಲೆ ತಡೆದಿಟ್ಟರು. ಅದರ ಮರುದಿನ ಅವರು ಲಿಥುವೇನಿಯಾದಲ್ಲಿದ್ದರು.

ಮುಂದಿನ ಕಥೆಯು ದುಃಖಕರವಾದುದು. ಇಂಟರ್‌ನೆಟ್ ಮೂರು ದಿನ ಸ್ತಬ್ಧವಾಯಿತು. ಮೊದಲ ಕೆಲವೇ ದಿನಗಳಲ್ಲಿ ಸುಮಾರು ೭ ಸಾವಿರ ಮಂದಿಯನ್ನು ಬಂಧಿಸಿ, ಅನೇಕರನ್ನು ನಿರ್ದಯವಾಗಿ ಹೊಡೆದರು. ಆದರೂ ಭಾನುವಾರಗಳಂದು ಮಿನ್ಸ್ಕ್ ನಗರದ ಬೀದಿಗಳಲ್ಲಿ ಲಕ್ಷಾವಧಿ ಜನರು ಶಾಂತವಾಗಿ ನಡೆದರು. ಆಗಸ್ಟ್ ೧೭ರಂದು ಒಂದು ಕಾರ್ಖಾನೆಗೆ ಹೋದ ಅಧ್ಯಕ್ಷರಿಗೆ ಕೆಲಸಗಾರರೇ 'ಹೊರಟು ಹೋಗು' ಎಂದು ಕೂಗಿದರು. ಮರಿಯಾ ಕಲೆಸ್ನಿಕೋವಾ ಎಂಬ ನಾಯಕಿಯನ್ನು ಗಡಿಯಾಚೆಗೆ ನೂಕಲು ಕರೆದೊಯ್ದಾಗ ಅವರು ತಮ್ಮ ಪಾಸ್‌ಪೋರ್ಟನ್ನು ಹರಿದೆಸೆದು ದೇಶದಲ್ಲಿಯೇ ಉಳಿದರು. ಹನ್ನೊಂದು ವರುಷಗಳ ಶಿಕ್ಷೆಯನ್ನು ಪಡೆದು ೨೦೨೫ರ ಡಿಸೆಂಬರಿನಲ್ಲಿ ಬಿಡುಗಡೆ ಹೊಂದಿದರು. ಲುಕಾಶೆಂಕೋರವರು ಸೆಪ್ಟೆಂಬರ್ ೨೩ರಂದು ಪ್ರಮಾಣವಚನವನ್ನು ಸ್ವೀಕರಿಸಿದರು; ಮುನ್ಸೂಚನೆಯಿಲ್ಲದೆ, ನೇರ ಪ್ರಸಾರವಿಲ್ಲದೆ, ಕದ್ದು ಮದುವೆಯಾದಂತೆ! ಶೇಕಡಾ ೮೦ರಷ್ಟು ಜನರು ಆರಿಸಿದ ನಾಯಕನು ತನ್ನ ಜನರಿಂದಲೇ ಮರೆಮಾಡಿ ಪಟ್ಟವೇರುವ ಕಾರಣವೇನು? ೨೦೨೫ರ ಜನವರಿಯಲ್ಲಿ ಅವರಿಗೆ ಮತ್ತೆ ಶೇಕಡಾ ೮೬ಕ್ಕೂ ಹೆಚ್ಚು ಮತಗಳು ಬಂದವೆಂದು ಆಯೋಗವು ಹೇಳಿತು. ಆಗ ಕಣದಲ್ಲಿ ನಿಜವಾದ ಎದುರಾಳಿಯೇ ಇರಲಿಲ್ಲ.

ಬೆಲಾರುಸಿನ ಜನರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಯುಕ್ರೇನಿನವರಿಗಿಂತ ಅವರು ಹೆಚ್ಚಾಗಿಯೇ ಕಷ್ಟಪಟ್ಟರೆನ್ನಬಹುದು. ಕೊರತೆಯಿದ್ದುದು ಅವರ ಕೂಗಿಗೆ ಕಿವಿಗೊಡುವ ಸಂಸ್ಥೆಯದು. ತೀರ್ಪು ಕೊಡುವ ನ್ಯಾಯಾಲಯವಿರಲಿಲ್ಲ, ಸಹಿ ಮಾಡದ ಆಯೋಗವಿರಲಿಲ್ಲ, ಆಜ್ಞೆಯನ್ನು ಪ್ರಶ್ನಿಸುವ ಸೇನಾಪತಿಯಿರಲಿಲ್ಲ. ಅಲ್ಲಿಯ ಮತಗಟ್ಟೆಗಳು ಬಹುತೇಕ ಶಾಲೆಗಳಲ್ಲಿದ್ದವು. ಮತಗಟ್ಟೆಯ ಸಮಿತಿಗಳಲ್ಲಿ ಶಾಲೆಯ ಉಪಾಧ್ಯಾಯರೇ ಬಹಳ ಮಂದಿ ಕುಳಿತಿದ್ದರು. ಮಕ್ಕಳಿಗೆ ಕೂಡುವ ಲೆಕ್ಕವನ್ನು ಕಲಿಸುವ ಕೈಗಳೇ ಆ ರಾತ್ರಿ ಅನೇಕ ಕಡೆಗಳಲ್ಲಿ ತಪ್ಪು ಮೊತ್ತಕ್ಕೆ ರುಜು ಹಾಕಿದವೆಂಬುದು ಆ ದೇಶದ ಅತ್ಯಂತ ದೊಡ್ಡ ದುರಂತವೆಂದು ನಾವು ಎಣಿಸುತ್ತೇವೆ. ಅವರನ್ನು ದೂರವಿದ್ದು ನಿಂದಿಸುವುದು ಸುಲಭ. ಮನೆ, ಮಕ್ಕಳು, ವರುಷ ವರುಷವೂ ನವೀಕರಿಸಿಕೊಳ್ಳಬೇಕಾದ ನೌಕರಿಯ ಕರಾರು, ಇವುಗಳ ಭಯವೇನೆಂಬುದು ಸಂಬಳಕ್ಕೆ ದುಡಿಯುವ ಪ್ರತಿಯೊಬ್ಬನಿಗೂ ಗೊತ್ತು.

ಇನ್ನು ಗೆದ್ದ ಜನರೂ ಮುಂದೆ ಸೋಲುವುದುಂಟು. ಕಿರ್ಗಿಸ್ತಾನದ ಜನರು ೨೦೦೫ರಲ್ಲಿ ಅಕಾಯೆವ್‌ರನ್ನೂ, ೨೦೧೦ರಲ್ಲಿ ಬಕಿಯೆವ್‌ರನ್ನೂ ದೇಶಬಿಟ್ಟು ಓಡುವಂತೆ ಮಾಡಿದರು. ೨೦೨೦ರ ಅಕ್ಟೋಬರ್ ೪ರ ಚುನಾವಣೆಯಲ್ಲಿ ಮತಗಳನ್ನು ಕೊಂಡುಕೊಳ್ಳಲಾಯಿತೆಂದು ಸಿಟ್ಟಿಗೆದ್ದ ಜನರು ಸರಕಾರೀ ಸೌಧಕ್ಕೇ ನುಗ್ಗಿದರು. ಎರಡೇ ದಿನಗಳಲ್ಲಿ ಆಯೋಗವು ಫಲಿತಾಂಶವನ್ನು ರದ್ದುಮಾಡಿತು. ಆ ಗೊಂದಲದಲ್ಲಿ ಸೆರೆಮನೆಯಿಂದ ಬಿಡಿಸಲ್ಪಟ್ಟ ಸಾದಿರ್ ಜಪಾರೋವ್‌ರವರು ಕೆಲವೇ ದಿನಗಳಲ್ಲಿ ಪ್ರಧಾನಿಯೂ ಹಂಗಾಮಿ ಅಧ್ಯಕ್ಷರೂ ಆದರು; ೨೦೨೧ರ ಜನವರಿಯಲ್ಲಿ ಅಧ್ಯಕ್ಷರಾಗಿ ಆರಿಸಲ್ಪಟ್ಟು, ಅದೇ ವರುಷ ಸಂವಿಧಾನವನ್ನು ಬದಲಾಯಿಸಿ ಅಧಿಕಾರವನ್ನು ಅಧ್ಯಕ್ಷ ಪದವಿಯಲ್ಲಿಯೇ ಕ್ರೋಢೀಕರಿಸಿದರು. ಯಜಮಾನನನ್ನು ಮೂರು ಸಲ ಓಡಿಸಿದವರು ಯಜಮಾನಿಕೆಯನ್ನು ಮಾತ್ರ ಉಳಿಸಿಕೊಂಡರು.

ಜಾರ್ಜಿಯಾದ ಅನುಭವವು ಇನ್ನೂ ಹೆಚ್ಚಿನ ಪಾಠವನ್ನು ಕಲಿಸುತ್ತದೆ. ೨೦೦೩ರ ನವೆಂಬರ್ ೨ರ ಚುನಾವಣೆಯಲ್ಲಿ ಸರಕಾರದ ಅಂಕಿಗಳು ಒಂದು ಬಗೆಯಾದರೆ, ನಾಗರಿಕ ಸಂಘದವರು ಸಮಾನಾಂತರವಾಗಿ ಮಾಡಿದ ಎಣಿಕೆಯು ಮತ್ತೊಂದು ಬಗೆಯಾಯಿತು. ಗುಲಾಬಿ ಹೂಗಳನ್ನು ಹಿಡಿದ ಜನರು ಶಾಸನಸಭೆಯನ್ನು ಹೊಕ್ಕರು. ನವೆಂಬರ್ ೨೩ರಂದು ಅಧ್ಯಕ್ಷ ಶೆವರ್ದ್‌ನಾಡ್ಜೆ ರಾಜೀನಾಮೆ ಕೊಟ್ಟರು. ಅವರ ಬಳಿಕ ಬಂದ ಮಿಖಾಯಿಲ್ ಸಾಕಾಶ್ವಿಲಿಯವರು ೨೦೦೭ರ ನವೆಂಬರಿನಲ್ಲಿ ತಮ್ಮನ್ನು ವಿರೋಧಿಸಿದ ಜನರ ಮೇಲೆ ಪೋಲೀಸರನ್ನು ಬಿಟ್ಟರಾದರೂ, ೨೦೧೨ರ ಚುನಾವಣೆಯಲ್ಲಿ ಸೋತಾಗ ಸೋಲನ್ನು ಒಪ್ಪಿಕೊಂಡರು. ಅಂದು ಗೆದ್ದ 'ಜಾರ್ಜಿಯನ್ ಡ್ರೀಮ್' ಪಕ್ಷವೇ ೨೦೨೪ರ ಅಕ್ಟೋಬರ್ ೨೬ರ ಚುನಾವಣೆಯಲ್ಲಿ ಶೇಕಡಾ ೫೪ರಷ್ಟು ಮತ ಪಡೆಯಿತೆಂದು ಸಾರಿದಾಗ, ಪ್ರತಿಪಕ್ಷಗಳೂ ಅಂದಿನ ಅಧ್ಯಕ್ಷೆ ಸಾಲೋಮೆ ಜುರಾಬಿಶ್ವಿಲಿಯವರೂ ಅದನ್ನು ಒಪ್ಪಲಿಲ್ಲ. ಮತಪತ್ರದ ಶಾಯಿಯು ಹಿಂಬದಿಗೆ ಕಾಣುತ್ತಿದ್ದುದರಿಂದ ಮತದ ಗೋಪ್ಯವು ಭಂಗವಾಯಿತೆಂದು ತೆತ್ರಿಟ್ಸ್ಕಾರೋ ಎಂಬ ಸಣ್ಣ ಊರಿನ ನ್ಯಾಯಾಧೀಶರೊಬ್ಬರು ತೀರ್ಪಿತ್ತರು. ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಯೂರೋಪಿನ ಒಕ್ಕೂಟವನ್ನು ಸೇರುವ ಮಾತುಕತೆಯನ್ನು ೨೦೨೮ರ ಕೊನೆಯವರೆಗೂ ಎತ್ತುವುದಿಲ್ಲವೆಂದು ನವೆಂಬರ್ ೨೮ರಂದು ಸರಕಾರವು ಪ್ರಕಟಿಸಿದಾಗ ಜನರ ತಾಳ್ಮೆಯು ಕಟ್ಟೊಡೆಯಿತು. ಟಿಬಿಲಿಸಿ ನಗರದ ರುಸ್ತಾವೆಲಿ ಬೀದಿಯು ರಾತ್ರಿ ರಾತ್ರಿಯೂ ತುಂಬಿತು. ಅನೇಕ ಸರಕಾರೀ ನೌಕರರೂ ಬಹಿರಂಗವಾಗಿ ಅಸಮ್ಮತಿಯನ್ನು ಸೂಚಿಸಿದರು. ಡಿಸೆಂಬರಿನಲ್ಲಿಯೇ ಶಾಸನಸಭೆಯು ನೌಕರರ ಕಾಯಿದೆಯನ್ನು ತಿದ್ದಿ, ಅವರನ್ನು ಕೆಲಸದಿಂದ ತೆಗೆಯುವುದನ್ನು ಸುಲಭಗೊಳಿಸಿತು. ಅಧಿಕಾರಾರೂಢರು ಯಾರಿಗೆ ಅಂಜುತ್ತಾರೆಂಬುದು ಈ ತಿದ್ದುಪಡಿಯಿಂದ ಸ್ಪಷ್ಟವಾಗುತ್ತದೆ. ಬೀದಿಯ ಕೂಗನ್ನು ಅವರು ಕಾದು ಕಳೆಯಬಲ್ಲರು; ಕಚೇರಿಯೊಳಗಿನ 'ಒಲ್ಲೆ' ಎಂಬ ಮಾತನ್ನು ಸಹಿಸಲಾರರು.

ಯುಕ್ರೇನಿನ ಜನರು ತಮ್ಮ ೨೦೦೪ರ ಗೆಲುವನ್ನು ಸುಲಭವಾಗಿ ಉಳಿಸಿಕೊಳ್ಳಲಿಲ್ಲವೆಂಬುದನ್ನೂ ಹೇಳಬೇಕು. ಯುಶ್ಚೆಂಕೋರವರ ಪಕ್ಷದೊಳಗಿನ ಜಗಳಗಳಿಂದ ಬೇಸತ್ತ ಜನರು ೨೦೧೦ರಲ್ಲಿ ಅದೇ ಯಾನುಕೋವಿಚ್‌ರವರನ್ನು ನ್ಯಾಯವಾದ ಚುನಾವಣೆಯಲ್ಲಿ ಆರಿಸಿದರು. ೨೦೧೪ರ ಫೆಬ್ರವರಿಯಲ್ಲಿ ಅದೇ ಚೌಕದಲ್ಲಿ ರಕ್ತವು ಹರಿದು, ಅವರು ದೇಶವನ್ನು ಬಿಟ್ಟು ಹೋದರು. ಆದರೆ ೨೦೧೯ರಲ್ಲಿ ಅಧಿಕಾರದಲ್ಲಿದ್ದ ಪೊರೊಶೆಂಕೋರವರು ಶೇಕಡಾ ೭೩ ಮತ ಪಡೆದ ಹೊಸಬರಾದ ಜೆಲೆನ್ಸ್ಕಿಯವರಿಗೆ ಸೋತು, ಮರುಮಾತಿಲ್ಲದೆ ಅಧಿಕಾರವನ್ನು ಬಿಟ್ಟುಕೊಟ್ಟರು. ಆಗ ಯಾರೂ ಚೌಕಕ್ಕೆ ಹೋಗಬೇಕಾಗಲಿಲ್ಲ. ಸೋತವನು ಶಾಂತವಾಗಿ ಮನೆಗೆ ಹೋದ ಆ ದಿನವನ್ನೇ ನಾವು ೨೦೦೪ರ ಆಂದೋಲನದ ನಿಜವಾದ ವಿಜಯೋತ್ಸವವೆಂದು ಕರೆಯುತ್ತೇವೆ. ೨೦೨೨ರಲ್ಲಿ ಮೇಲೆ ಬಿದ್ದ ಯುದ್ಧದಿಂದ ಅಲ್ಲಿಯ ಚುನಾವಣೆಗಳು ಮುಂದೂಡಲ್ಪಟ್ಟವೆಂಬುದು ಬೇರೆ ಮಾತು.

ಈ ದೂರದ ದೇಶಗಳ ವೃತ್ತಾಂತದಿಂದ ನಮಗೇನು ಪ್ರಯೋಜನವೆಂದು ಕೇಳುವವರಿಗೆ ನಾವು ಇಷ್ಟನ್ನು ಹೇಳುತ್ತೇವೆ. ನಮ್ಮಲ್ಲಿಯೂ ಚುನಾವಣೆಯ ದಿನ ಮತಗಟ್ಟೆಯಲ್ಲಿ ಕುಳಿತುಕೊಳ್ಳುವವನು ಶಾಲೆಯ ಉಪಾಧ್ಯಾಯನೇ, ಕಚೇರಿಯ ಗುಮಾಸ್ತನೇ. ದಾಖಲಾದ ಮತಗಳ ಲೆಕ್ಕದ ಪ್ರತಿಯನ್ನು ಉಮೇದುವಾರರ ಏಜೆಂಟರಿಗೆ ಮತಗಟ್ಟೆಯಲ್ಲಿಯೇ ಕೊಡಬೇಕೆಂಬ ನಿಯಮವು ನಮ್ಮ ದೇಶದಲ್ಲಿದೆ. ದಿನವೆಲ್ಲ ದುಡಿದು ದಣಿದ ಸಂಜೆಯಲ್ಲಿ ಆ ಪ್ರತಿಯನ್ನು ಬರೆದು ಕೊಡುವುದು ಬೇಸರದ ಕೆಲಸವಾಗಿ ಕಾಣಬಹುದು. ಆದರೆ ಆ ಒಂದು ಹಾಳೆಯು ಇಲ್ಲದ್ದರಿಂದಲೇ, ಇದ್ದರೂ ಅದನ್ನು ತೋರಿಸುವ ಧೈರ್ಯವಿಲ್ಲದ್ದರಿಂದಲೇ, ಮಿನ್ಸ್ಕ್ ನಗರದಲ್ಲಿ ಸಾವಿರಾರು ತರುಣರು ಸೆರೆಮನೆಯನ್ನು ಕಾಣಬೇಕಾಯಿತು. ಮತಗಟ್ಟೆಯಲ್ಲಿ ಒಬ್ಬನು ತನ್ನ ಕರ್ತವ್ಯವನ್ನು ಸರಿಯಾಗಿ ಮಾಡಿದರೆ ಬೀದಿಯಲ್ಲಿ ಸಾವಿರ ಜನರು ಏಟು ತಿನ್ನುವುದು ತಪ್ಪುತ್ತದೆ. ಹಾಳೆಯನ್ನು ಪೂರ್ತಿಯಾಗಿ ತುಂಬಿರಿ. ಖಾಲಿ ಹಾಳೆಗೆ ಎಂದಿಗೂ ರುಜು ಹಾಕಬೇಡಿರಿ. ಪ್ರತಿಯನ್ನು ಕೇಳಿದವರಿಗೆ ಕೊಡಿರಿ. ನಾಗರಿಕರಾದವರು ಆ ಪ್ರತಿಯನ್ನು ಕೇಳಿ ಪಡೆಯುವ ಅಭ್ಯಾಸವನ್ನು, ತಮ್ಮ ಪಕ್ಷವು ಗೆಲ್ಲುವ ಊರಿನಲ್ಲಿಯೂ, ಬಿಡದಿರಲಿ.